ಗೋಡೆಗೆ ಮುಖ ಮಾಡಿದ ಚಿತ್ರಗಳು

ಚೌಕಟ್ಟಿನ ಒಂದು ಮೂಲೆಯನ್ನು ಅಲೈಡಾ ಗೋಡೆಯಿಂದ ಎರಡು ಬೆರಳಿನಷ್ಟು ಸರಿಸಿದ್ದಳು. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಅದನ್ನು ಮೆಲ್ಲಗೆ ಮೊದಲಿನಂತೆ ಒತ್ತಿಬಿಟ್ಟಿತು.

“ಬೇಡಿ ಅತ್ತಿಗೆ. ಅವರನ್ನ ಮಣ್ಣು ಮಾಡಿ ಬರೋವರೆಗೂ ತಿರುಗಿಸಬಾರದು.”

ಹಿಲ್ಲೆ, ಸತ್ತ ತಮ್ಮ ವೋಲ್ಟರನ ಹೆಂಡತಿ. ಇಬ್ಬರೂ ಒಬ್ಬರನ್ನೊಬ್ಬರು ಕಂಡದ್ದು ಈ ಬೆಳಿಗ್ಗೆಯೇ ಮೊದಲು. ಅಲೈಡಾಳ ಊರಾದ ಕಾಂಪನ್ನಿನಿಂದ ದೋಣಿ ಬರುವವರೆಗೆ ಶವಪೆಟ್ಟಿಗೆಗೆ ಮೊಳೆ ಹೊಡೆಯಬೇಡಿ ಎಂದು ಬಡಗಿಯನ್ನು ಎರಡು ಗಂಟೆ ಕಾಯಿಸಿ, ಅಕ್ಕನಿಗೆ ತಮ್ಮನ ಮುಖ ತೋರಿಸಿದವಳು ಅವಳೇ. ಅಲೈಡಾಳ ಎಡಗಾಲಿನ ಬೂಟು ನೆನೆದದ್ದನ್ನು ಕಂಡು, ಕೇಳದೆಯೇ ಕೆಂಡದ ಪೆಟ್ಟಿಗೆಯನ್ನು ತಂದು ಪಾದದ ಕೆಳಗೆ ಸರಿಸಿದವಳೂ ಅವಳೇ. ಅಲೈಡಾ ಎರಡನ್ನೂ ಗಮನಿಸಿದಳು, ಆದರೆ ಮನಸ್ಸಿಗೆ ತೆಗೆದುಕೊಳ್ಳಲಿಲ್ಲ. ಉಪಚಾರ ಜಾಸ್ತಿಯಾದ ಕಡೆ ಗಂಟು ಗಟ್ಟಿಯಾಗಿ ಹಿಡಿದುಕೋ ಎನ್ನುತ್ತಿದ್ದಳು ಅವಳ ತಾಯಿ.

ಸಾವಿನ ಮನೆಯಲ್ಲಿ ಕನ್ನಡಿಯನ್ನೂ ಚಿತ್ರಗಳನ್ನೂ ಗೋಡೆಗೆ ತಿರುಗಿಸುವುದು ಕಾಂಪನ್ನಿನಲ್ಲೂ ಇದ್ದ ಪದ್ಧತಿಯೇ. ಆದರೆ ಅಲ್ಲಿ ಮನೆಗೊಂದು ಕನ್ನಡಿ, ಹೆಚ್ಚೆಂದರೆ ಒಂದು ಚಿತ್ರ. ಆಮ್ಸ್ಟರ್‌ಡ್ಯಾಮಿನ ಈ ಕಿರಿದಾದ ಮನೆಯ ಮುಂಗೋಣೆಯೊಂದರಲ್ಲೇ ಹನ್ನೊಂದು ಚಿತ್ರ, ಎಲ್ಲ ಮರದ ಹಲಗೆಯ ಮೇಲೆ ಬರೆದದ್ದು. ಹನ್ನೊಂದು ಹಲಗೆಗಳು ಬೆನ್ನು ತೋರಿಸಿಕೊಂಡು ನಿಂತಿದ್ದವು, ಹನ್ನೊಂದು ಜನ ಏನನ್ನೋ ಎದೆಗವುಚಿಕೊಂಡು ಬಚ್ಚಿಡುವ ಹಾಗೆ. ನಡುವೆ ಎರಡು ಬೆಂಚುಗಳ ಮೇಲೆ ಶವಪೆಟ್ಟಿಗೆ. ಅದರ ಮೇಲೆ ಚಿತ್ರಕಾರರ ಸಂಘದ ಕಪ್ಪು ಹೊದಿಕೆ, ಅಂಚು ನೆಲ ಮುಟ್ಟುವಷ್ಟು ಉದ್ದ.

“ಮೇಲೆ ಅವನು ಕೆಲಸ ಮಾಡ್ತಿದ್ದ ಕೋಣೆ ಇದೆಯಂತಲ್ಲ. ನೋಡ್ಕೊಂಡು ಬರ್ತೀನಿ,” ಎಂದಳು ಅಲೈಡಾ.

“ಬೀಗ ಹಾಕಿದೆ ಅತ್ತಿಗೆ.”

“ಕೀಲಿ ನಿನ್ನ ಸೊಂಟದಲ್ಲೇ ಇದೆಯಲ್ಲಮ್ಮ.”

ಹಿಲ್ಲೆ ಸೊಂಟದ ಕೀಲಿಗೊಂಚಲನ್ನು ಕೈಯಲ್ಲಿ ಮುಚ್ಚಿಕೊಂಡಳು. ಅಲೈಡಾ ಇನ್ನು ಸುತ್ತುಬಳಸಲಿಲ್ಲ. “ನಮ್ಮಪ್ಪನ ಕಲ್ಲು ಎಲ್ಲಿ? ಬಣ್ಣ ಅರೆಯೋ ಕಲ್ಲು. ಕೆಂಪಗೆ, ನಡುವೆ ಸವೆದಿರೋದು. ಅದು ಇಲ್ಲೇ ಬಂದಿದ್ದು, ನನಗೆ ಗೊತ್ತು.”

ಹಿಲ್ಲೆಯ ಕಣ್ಣು ಒಂದು ಸಲ ಶವಪೆಟ್ಟಿಗೆಯ ಕಡೆ ಹೋಗಿ, ಅಲ್ಲಿಂದ ಕಿಟಕಿಗೆ ಹೋಯಿತು. “ಇದೆ. ಆಮೇಲೆ ಮಾತಾಡೋಣ,” ಎಂದಷ್ಟೇ ಹೇಳಿ ಅಡುಗೆಮನೆಗೆ ಹೋದಳು.

ಮಾರಿಕೊಂಡಿದ್ದಾಳೆ ಎಂದುಕೊಂಡಳು ಅಲೈಡಾ. ಅರುವತ್ತೆರಡನೆಯ ವಯಸ್ಸಿನಲ್ಲಿ, ಮಾರ್ಚಿನ ಗಾಳಿಯಲ್ಲಿ, ಒಳಗಡಲು ದಾಟಿ ಅವಳು ಬಂದದ್ದು ತಮ್ಮನ ಕೊನೆಯ ದರ್ಶನಕ್ಕೆ. ಹಾಗೆಂದು ಊರಿಗೆ ಹೇಳಿ ಬಂದಿದ್ದಳು. ಹೇಳದೆ ಬಂದ ಕಾರಣ ಆ ಕಲ್ಲು. ಅದನ್ನು ಕಾಂಪನ್ನಿಗೆ ಒಯ್ದು ಅಪ್ಪನ ಮನೆಯಲ್ಲಿ ಅದರ ಜಾಗದಲ್ಲೇ ಇಡಬೇಕು. ಮತ್ತೆ, ಆ ಕಲ್ಲು ಇಲ್ಲಿಗೆ ಹೇಗೆ ಬಂತೆಂದು ತಮ್ಮ ಇವರಲ್ಲಿ ಯಾರಿಗಾದರೂ ಹೇಳಿದ್ದಾನೆಯೇ ಎಂದು ತಿಳಿಯಬೇಕು.

ಒಲೆಯ ಹತ್ತಿರ ಕೂತಿದ್ದ ಹಾರ್ಮನ್ ಅವಳ ಚಿಕ್ಕಪ್ಪನ ಮಗ, ಬೆಳಿಗ್ಗೆ ಬಂದ ದೋಣಿ ಅವನದೇ. ಜಾಯಿಕಾಯಿ ಹಾಕಿ ಬಿಸಿ ಮಾಡಿದ ಬಿಯರನ್ನು ಎರಡನೇ ಸಲ ತುಂಬಿಸಿಕೊಂಡು, ಹೆಣದ ಮುಂದೆ ಮಾತು ಆಡಬಾರದೆಂದು ಗೊತ್ತಿದ್ದೂ ಆಡುತ್ತಿದ್ದ. ಕಾಂಪನ್ನಿನಲ್ಲಿ ವೋಲ್ಟರ್ ಮುಖ ಬರೆಯುತ್ತಿದ್ದ, ಬಿಯರ್ ಅಂಗಡಿಯ ಹಲಗೆ ಬರೆಯುತ್ತಿದ್ದ, ಗಾಡಿಯ ಬಾಗಿಲಿಗೆ ಸಿಂಹ ಬರೆಯುತ್ತಿದ್ದ. ಇಲ್ಲಿ ನಲವತ್ತು ವರ್ಷ ಬರೀ ನೀರು ಬರೆದನಂತೆ. ನೀರು ನೋಡೋಕೆ ಚಿತ್ರ ಯಾಕೆ ಬೇಕು, ಬಾಗಿಲು ತೆಗೆದರೆ ಸಾಲದೇ ಎಂದು ಅವನ ಪ್ರಶ್ನೆ.

ತಟ್ಟೆಗಳನ್ನು ಒರೆಸುತ್ತಿದ್ದ ಪಕ್ಕದ ಮನೆಯ ಮಾಯ್ಕೆ ಸುಮ್ಮನಿರಲಿಲ್ಲ. ಅವಳೂ ಹೊರಗಿನವಳೇ, ಚಿಕ್ಕಂದಿನಲ್ಲಿ ದಕ್ಷಿಣದ ಯುದ್ಧಕ್ಕೆ ಹೆದರಿ ಈ ಊರಿಗೆ ಓಡಿಬಂದವಳು.

“ಇದು ನಿಮ್ಮೂರಲ್ಲಪ್ಪ. ಇಲ್ಲಿ ಒಬ್ಬ ನಿಂಬೆಹಣ್ಣು ಬರೆಯೋಕೆ ಶುರು ಮಾಡಿದ್ರೆ ಸಾಯೋವರೆಗೂ ನಿಂಬೆಹಣ್ಣೇ. ನಮ್ಮ ಬೀದೀಲಿ ಮೀನು ಬರೆಯೋನು ಒಬ್ಬ ಇದಾನೆ, ಅವನಿಗೆ ಮೀನಿನ ತಟ್ಟೆ ಬರೆಯೋಕೆ ಬರಲ್ಲ. ತಟ್ಟೆಯೋನು ಬೇರೆ.”

“ಮತ್ತೆ ವೋಲ್ಟರನ ನೀರಿನ ಮೇಲೆ ದೋಣಿ ನಡೆಸೋನು ಯಾರು?”

“ಅಗೋ, ಅಲ್ಲಿ ಹೋಗ್ತಿದಾನಲ್ಲ, ಲಾಂಬರ್ಟ್. ಜನ, ದನ, ದೋಣಿ ಎಲ್ಲ ಅವನದು. ಮೂವತ್ತು ವರ್ಷದ ಜೊತೆ.”

ಉದ್ದ ಕೋಟಿನ ಒಬ್ಬ ಮುದುಕ ಯಾರನ್ನೂ ನೋಡದೆ ಮೆಟ್ಟಿಲ ಕಡೆ ನಡೆದಿದ್ದ. ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಏನೋ ಇತ್ತು. ಹಿಲ್ಲೆ ಅಡುಗೆಮನೆಯಿಂದ ಬಂದು ಕೀಲಿಗೊಂಚಲನ್ನು ಅವನ ಕೈಯಲ್ಲಿಟ್ಟಳು. ಮೇಲೆ ಬೀಗ ತೆಗೆದ ಸದ್ದು, ಒಳಗಿನಿಂದ ಚಿಲಕ ಹಾಕಿದ ಸದ್ದು ಎರಡೂ ಅಲೈಡಾಳಿಗೆ ಕೇಳಿಸಿದವು. ಅಕ್ಕನಿಗಿಲ್ಲದ ಕೀಲಿ ಇವನಿಗೆ. ಎಲ್ಲ ಸೇರಿ ಮಾಡುತ್ತಿರುವ ಕೆಲಸ ಎಂದುಕೊಂಡು ಅವಳು ಕೆಂಡದ ಪೆಟ್ಟಿಗೆಯನ್ನು ಕಾಲಿನಿಂದ ಆಚೆ ತಳ್ಳಿದಳು.

*

ನಲವತ್ತು ವರ್ಷದ ಹಿಂದಿನ ಆ ಭಾನುವಾರ ಕಾಂಪನ್ನಿನಲ್ಲಿ ಇಡೀ ಬೀದಿ ಚರ್ಚಿನಲ್ಲಿತ್ತು. ಅಲೈಡಾ ಮಾತ್ರ ಹಲ್ಲುನೋವೆಂದು ಮನೆಯಲ್ಲಿ ಉಳಿದಿದ್ದಳು. ಅವಳಿಗೆ ಇಪ್ಪತ್ತೆರಡು, ವೋಲ್ಟರನಿಗೆ ಇಪ್ಪತ್ತು.

ಹಿಂದಿನ ರಾತ್ರಿ ಅಪ್ಪ ಕೊನೆಯ ಮಾತು ಹೇಳಿಯಾಗಿತ್ತು. ಆಮ್ಸ್ಟರ್‌ಡ್ಯಾಮಿಗೆ ಹೋಗುವುದಾದರೆ ಎರಡು ಕೈ ಬೀಸಿಕೊಂಡು ಹೋಗು, ಈ ಮನೆಯ ಒಂದು ಕುಂಚವನ್ನೂ ಮುಟ್ಟಬೇಡ. ವೋಲ್ಟರ್ ತಲೆತಗ್ಗಿಸಿಕೊಂಡು ಬಟ್ಟೆಯ ಗಂಟು ಕಟ್ಟಿದ್ದ. ಮುಟ್ಟುವ ಯೋಚನೆ ಅವನಿಗಿರಲಿಲ್ಲ.

ಯೋಚನೆ ಬಂದದ್ದು ಅಲೈಡಾಳಿಗೆ. ಕಲ್ಲಿಲ್ಲದೆ ಚಿತ್ರಕಾರ ಹೇಗಾಗುತ್ತಾನೆ? ಕಾಂಪನ್ನಿನಲ್ಲಿ ಬಣ್ಣವೆಂದರೆ ಬೆಳಿಗ್ಗೆ ಎದ್ದು ಅರೆದುಕೊಳ್ಳಬೇಕಾದ ವಸ್ತು. ಅಜ್ಜ ಅರೆದು, ಅಪ್ಪ ಅರೆದು, ಆ ಕಲ್ಲಿನ ನಡುವೆ ತಟ್ಟೆಯ ಹಾಗೆ ಕುಳಿ ಬಿದ್ದಿತ್ತು. ಅಂಥದ್ದು ಆಮ್ಸ್ಟರ್‌ಡ್ಯಾಮಿನಲ್ಲಿ ಸಿಕ್ಕರೂ ಕೊಳ್ಳುವ ಶಕ್ತಿ ಅವನಿಗೆಲ್ಲಿ? ಅಪ್ಪ ಹೇಗೋ ಇನ್ನೊಂದನ್ನು ಹೊಂದಿಸಿಕೊಳ್ಳುತ್ತಾನೆ, ಊರಿನವನು.

“ಬೇಡ ಕಣೇ. ಅಪ್ಪ ಸತ್ತೇಹೋಗ್ತಾನೆ,” ಎಂದಿದ್ದ ವೋಲ್ಟರ್.

“ಆರು ತಿಂಗಳಿಗೆ ತಾನೇ ಹೋಗ್ತಿರೋದು? ಬರುವಾಗ ತಗೊಂಡು ಬಾ. ಹಿಡ್ಕೋ ಆ ಕಡೆ.”

ಒಬ್ಬರಿಂದ ಆಗುವ ಭಾರವಲ್ಲ. ಅವನು ಒಂದು ತುದಿ, ಇವಳು ಒಂದು ತುದಿ. ಹಟ ತನ್ನದೆಂದು ಇವಳೇ ಮುಂದೆ. ಅವನಿಗೆ ಮುಖ ಮಾಡಿ, ಹಿಂದೆ ಹಿಂದೆ ಹೆಜ್ಜೆ ಇಡುತ್ತ, ಬೀದಿಯ ಇಳಿಜಾರಿನಲ್ಲಿ ಐಸೆಲ್ ನದಿಯ ದಡದವರೆಗೂ ನಡೆದಳು. ದಾರಿಯುದ್ದಕ್ಕೂ ಅವಳು ಕಂಡದ್ದು ತಮ್ಮನ ಮುಖ. ಅವನು ಕಂಡದ್ದು ಅವಳ ಮುಖ, ಅದರ ಹಿಂದೆ ಬೂದುಬಣ್ಣದ ನೀರು.

ಮಧ್ಯಾಹ್ನ ಅಪ್ಪ ಕೆಲಸದ ಮೇಜಿನ ಮುಂದೆ ನಿಂತು ಕಲ್ಲೆಲ್ಲಿ ಎಂದು ಕೇಳಿದ. ಅಲೈಡಾ ಗಲ್ಲಕ್ಕೆ ಬಟ್ಟೆ ಕಟ್ಟಿಕೊಂಡು, ನಾನು ಮಲಗಿದ್ದೆ ಎಂದಳು.

ಅಂದು ಸಂಜೆಯೊಳಗೆ ವೋಲ್ಟರನಿಗೆ ಊರಿನಲ್ಲಿ ಕಲ್ಲುಗಳ್ಳ ಎಂಬ ಹೆಸರು ನಿಂತಿತು. ಆರು ತಿಂಗಳು ಕಳೆದರೂ ಅವನು ಬರಲಿಲ್ಲ. ಬಂದಿದ್ದರೆ ಅಪ್ಪ ಬಾಗಿಲು ತೆಗೆಯುತ್ತಿರಲಿಲ್ಲ.

*

ಎರಡು ಗಂಟೆಗೆ ಚರ್ಚಿನ ಗಂಟೆ ಮೊಳಗಿತು. ಲಾಂಬರ್ಟ್ ಮೇಲಿನಿಂದ ಇಳಿದು ಬಂದ. ಅವನ ಉಗುರಿನ ಸಂದಿಯಲ್ಲಿ ಸೀಮೆಸುಣ್ಣದ ಪುಡಿ ಇದ್ದದ್ದನ್ನು ಅಲೈಡಾ ನೋಡಿದಳು. ಸಂಘದವರು ಐವರು, ರಕ್ತಸಂಬಂಧಿಯೆಂದು ಹಾರ್ಮನ್ ಒಬ್ಬ, ಆರು ಜನ ಬಗ್ಗಿ ಹೆಗಲು ಕೊಟ್ಟರು. ಪೆಟ್ಟಿಗೆ ಎದ್ದಿತು. ಕಪ್ಪು ಹೊದಿಕೆಯ ಅಂಚು ನೆಲ ಬಿಟ್ಟು ಮೇಲೆ ಹೋಯಿತು.

ಎರಡು ಬೆಂಚುಗಳ ನಡುವೆ, ಬರಿ ನೆಲದ ಮೇಲೆ ಕಲ್ಲಿತ್ತು.

ಹಾರ್ಮನನ ಬೂಟು ಅದಕ್ಕೆ ತಗುಲಿತು. ಅವನು ಕೆಳಗೆ ನೋಡಿದ, ಆಮೇಲೆ ಅಲೈಡಾಳನ್ನು ನೋಡಿದ. ಹೆಗಲ ಮೇಲೆ ಭಾರವಿತ್ತು, ಹೆಜ್ಜೆ ಸರಿಮಾಡಿಕೊಂಡ. ಗಂಡಸರು ಹೊಸಿಲು ದಾಟಿ ಕಾಲುವೆಯ ದಡ ಹಿಡಿದು ಚರ್ಚಿನ ಕಡೆ ಹೋದರು. ಹೆಂಗಸರು ಮನೆಯಲ್ಲಿ ಉಳಿದರು. ಮಾಯ್ಕೆ ಅಡುಗೆಮನೆಯಲ್ಲಿ ಕೇಸರಿ ಹಾಕಿದ ಹಾಲನ್ನದ ಕೆಳಗೆ ಬೆಂಕಿ ಸರಿಮಾಡುತ್ತಿದ್ದಳು.

“ಹೆಣದ ಕೆಳಗೆ ಬಚ್ಚಿಟ್ಟಿದ್ದೀಯ,” ಎಂದಳು ಅಲೈಡಾ.

“ಹೂಂ. ಮಾಯ್ಕೆ ಒಂದು ಕಡೆ ಹಿಡಿದಳು. ಬೇರೆಲ್ಲಿ ಇಟ್ಟರೂ ನೀವು ಹುಡುಕ್ತೀರ ಅನ್ನಿಸ್ತು.” ಹಿಲ್ಲೆ ಬೆಂಚಿನ ತುದಿಯಲ್ಲಿ ಕೂತಳು. “ನೀವು ಯಾಕೆ ಬಂದ್ರಿ ಅಂತ ನನಗೆ ಗೊತ್ತು ಅತ್ತಿಗೆ. ಅವರು ಹೇಳಿದ್ರು. ಮದುವೆಗೆ ಮುಂಚೇನೇ ಹೇಳಿದ್ರು, ನಾನು ಅಪ್ಪನ ಕಲ್ಲು ಕದ್ದು ಬಂದವನು, ಗೊತ್ತಿದ್ದು ಮದುವೆಯಾಗು ಅಂತ. ನೀವು ಹೆಣದ ಮುಂದೆ, ಸಂಘದವರ ಮುಂದೆ, ಆ ಮಾತು ಆಡಿಬಿಟ್ಟರೆ ಅಂತ ಭಯ ಆಯ್ತು. ಮಣ್ಣಾದ ಮೇಲೆ ಏನು ಬೇಕಾದರೂ ಅನ್ನಿ, ತಡ್ಕೋತೀನಿ.”

ಬೆಳಿಗ್ಗೆಯಿಂದ ಅಲೈಡಾ ಈ ಹೆಂಗಸಿನ ಮುಖದಲ್ಲಿ ಕಳ್ಳತನ ಹುಡುಕಿದ್ದಳು. ಇವಳು ಅಷ್ಟೇ ಹೊತ್ತು ಅವಳ ಬಾಯಿಂದ ಕಳ್ಳ ಎಂಬ ಆ ಒಂದು ಬೈಗುಳಕ್ಕೆ ಕಾದಿದ್ದಳು.

“ಅವನು... ತಾನೇ ಕದ್ದೆ ಅಂದನಾ? ಒಬ್ಬನೇ?”

“ಇನ್ಯಾರು?”

ಅಲೈಡಾ ಕುರ್ಚಿಯಲ್ಲಿ ಕೂತಳು.

ಹಿಲ್ಲೆ ಆಮೇಲೆ ಹೇಳಿದ್ದೆಲ್ಲ ಅವಳ ಕಿವಿಗೆ ದೂರದಿಂದ ಬಂದ ಹಾಗೆ ಬಂತು. ವೋಲ್ಟರ್ ಈ ಊರಿಗೆ ಕಾಲಿಟ್ಟ ಮೊದಲ ವಾರದಲ್ಲೇ ಬಣ್ಣದ ಅಂಗಡಿಯ ಮುಂದೆ ನಿಂತು ಅತ್ತಿದ್ದನಂತೆ. ಅಲ್ಲಿ ನೂರು ಬಗೆಯ ಬಣ್ಣ, ಅರೆದು, ಎಣ್ಣೆ ಬೆರೆಸಿ, ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿ ತೂಗುಹಾಕಿದ್ದರು. ಯಾರಿಗೂ ಕಲ್ಲು ಬೇಡವಾಗಿತ್ತು. ಎರಡು ವರ್ಷ ಅವನು ಮುಖಗಳನ್ನು ಬರೆದು ವ್ಯಾಪಾರಿಗಳ ಬಾಗಿಲಿಗೆ ಹೊತ್ತು ತಿರುಗಿದ. ಈ ಊರಲ್ಲಿ ಮುಖ ಬರೆಯುವವರು ಬೀದಿಗೆ ಹತ್ತು ಜನ. ಕೊನೆಗೆ ಒಬ್ಬ ವ್ಯಾಪಾರಿ ಒಂದು ಚಿತ್ರವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಟೊಪ್ಪಿ ತೆಗೆದು ಚಿತ್ರದಲ್ಲಿದ್ದ ಹುಡುಗಿಯ ಮುಖದ ಮೇಲಿಟ್ಟ. ಇವಳು ಬೇಡ, ಇವಳ ಹಿಂದಿರೋ ನೀರು ತಂದುಕೊಡು, ಅಂಥ ಬೂದು ಈ ಊರಲ್ಲಿ ಯಾರ ಹತ್ತಿರವೂ ಇಲ್ಲ ಎಂದ.

“ಆ ಹಲಗೇನೇ ತಂದು ಹುಡುಗಿ ಮೇಲೂ ನೀರು ಬರೆದ್ರು. ಅದು ಅಕ್ಕನ ಮುಖವಂತೆ. ನೀವೇ.” ಹಿಲ್ಲೆ ಗೋಡೆಯ ಮೂರನೇ ಹಲಗೆಯ ಬೆನ್ನನ್ನು ತೋರಿಸಿದಳು. “ಮಾರಲಿಲ್ಲ ಅದನ್ನ. ಆಮೇಲೆ ಒಂದು ಮುಖಾನೂ ಬರೀಲಿಲ್ಲ. ಎಲ್ಲ ಬಣ್ಣಾನೂ ಅಂಗಡೀದೇ. ಆ ಬೂದು ಒಂದನ್ನ ಮಾತ್ರ ಆ ಕಲ್ಲಿನ ಮೇಲೆ ತಾವೇ ಅರೀತಿದ್ರು.”

ಕಲ್ಲಿನ ಕುಳಿಯಲ್ಲಿ ಒಣಗಿದ ಬೂದು ಇನ್ನೂ ಅಂಟಿಕೊಂಡಿತ್ತು. ಯಾರೂ ತೊಳೆದಿರಲಿಲ್ಲ.

“ತಗೊಂಡು ಹೋಗಿ ಅತ್ತಿಗೆ. ಅವರನ್ನ ಕ್ಷಮಿಸಿಬಿಡಿ, ಅಷ್ಟೇ.”

ಈಗ ಹೇಳಬೇಕು ಎಂದುಕೊಂಡಳು ಅಲೈಡಾ. ಗಲ್ಲಕ್ಕೆ ಬಟ್ಟೆ ಕಟ್ಟಿಕೊಂಡ ಆ ಮಧ್ಯಾಹ್ನದ ಹಾಗೆಯೇ ನಾಲಿಗೆ ಏಳಲಿಲ್ಲ. ಹಿಲ್ಲೆ ಕೆಂಡದ ಪೆಟ್ಟಿಗೆಯನ್ನು ಮತ್ತೆ ಅವಳ ಕಾಲ ಬಳಿಗೆ ಸರಿಸಿ, ಬ್ರೆಡ್ಡು ಕೊಯ್ಯಲು ಎದ್ದು ಹೋದಳು.

*

ಕಲ್ಲು ಹೋದ ಮೇಲೆ ಅಪ್ಪ ಒಂದು ನೆಲಹಾಸಿನ ಬಿಲ್ಲೆಯ ಮೇಲೆ ಬಣ್ಣ ಅರೆದ. ಬಣ್ಣದಲ್ಲಿ ಹರಳು ಉಳಿಯುತ್ತಿತ್ತು. ಹೊಸ ಕಲ್ಲು ತರಿಸೋಣವೆಂದರೆ, ನನ್ನ ಮಗ ವಾಪಸ್ ತಂದಿಡಲಿ ಎನ್ನುತ್ತಿದ್ದ. ಗಾಡಿಯವರು ಬೇರೆ ಕಡೆ ಹೋದರು, ಬಿಯರ್ ಅಂಗಡಿಯವರೂ ಹೋದರು. ಹನ್ನೊಂದು ವರ್ಷ ಹಾಗೇ ನಡೆಯಿತು. ಸಾಯುವ ದಿನ ಅವನು ಮಗಳ ಕೈ ಹಿಡಿದು, ನೀನೊಬ್ಬಳಾದರೂ ಪ್ರಾಮಾಣಿಕಳಾಗಿದ್ದೆ ಎಂದ. ಅಲೈಡಾ ಅವನ ಹೊದಿಕೆಯನ್ನು ಸರಿಮಾಡಿದಳು.

*

ಗಂಡಸರು ಒದ್ದೆ ಮಣ್ಣಿನ ಬೂಟುಗಳನ್ನು ಒರೆಸಿಕೊಳ್ಳುತ್ತ ಒಳಗೆ ಬಂದರು. ಅವರು ಮೇಜಿಗೆ ಕೂರುವ ಮೊದಲು ಹಿಲ್ಲೆಯೂ ಮಾಯ್ಕೆಯೂ ಗೋಡೆಯುದ್ದಕ್ಕೂ ನಡೆದು ಚಿತ್ರಗಳನ್ನು ಒಂದೊಂದಾಗಿ ಕೋಣೆಯ ಕಡೆ ತಿರುಗಿಸಿದರು.

ಎಲ್ಲವೂ ಐಸೆಲ್ ನದಿ. ಬೆಳಗಿನದು, ಹಿಮದ ದಿನದ್ದು, ಮಳೆ ಬರುವ ಮುಂಚಿನದು. ಕಾಂಪನ್ನಿನ ದಡ, ಸೇತುವೆ, ಚರ್ಚಿನ ಗೋಪುರ. ನಲವತ್ತು ವರ್ಷ ಊರಿಗೆ ಕಾಲಿಡದವನು ಒಂದು ಕಂಬವನ್ನೂ ಮರೆತಿರಲಿಲ್ಲ. ಹಾರ್ಮನ್ ಕೂಡ ಬಾಯಿ ತೆರೆದು ನಿಂತ, ತನ್ನ ದೋಣಿ ಕಟ್ಟುವ ಗೂಟವನ್ನು ಬೆರಳಿಟ್ಟು ಗುರುತಿಸಿದ. ಮೂರನೇ ಹಲಗೆಯಲ್ಲಿ ಬರೀ ನೀರು. ಅದರ ನಡುವೆ ಒಂದು ಕಡೆ ಬೂದು ತುಸು ಗಾಢ. ಅಲೈಡಾ ಅಲ್ಲಿಂದ ಕಣ್ಣು ತೆಗೆದಳು.

ಹಾಲನ್ನ, ಹಂದಿಮಾಂಸ, ಬ್ರೆಡ್ಡು ಬಂದವು. ಬಿಯರ್ ಬಂತು. ಹಾರ್ಮನನ ದನಿ ಮೊದಲಿನ ಹದಕ್ಕೆ ಬಂತು. “ಅಲೈಡಕ್ಕ, ಕಲ್ಲು ನನ್ನ ದೋಣೀಲಿ ಹಾಕು. ಕಳ್ಳ ಮಣ್ಣಾದ, ಮಾಲು ವಾಪಸ್ ಬಂತು ಅಂತ ನಾಳೆ ಮೀನುಕಟ್ಟೇಲಿ ಸಾರಿಬಿಡ್ತೀನಿ.”

ಸಂಘದವನೊಬ್ಬ ಚಮಚವನ್ನು ತಟ್ಟೆಯ ಮೇಲಿಟ್ಟ. ಹಿಲ್ಲೆ ಬಟ್ಟಲನ್ನು ಎತ್ತಿಕೊಂಡು ಅಡುಗೆಮನೆಯ ಕಡೆ ತಿರುಗಿದಳು. ಅವಳ ಕತ್ತಿನ ಹಿಂಭಾಗ ಕೆಂಪಗಾಗಿತ್ತು.

ಊಟದ ನಡುವೆ ಎದ್ದು ಮೇಲೆ ಹೋಗಿದ್ದ ಲಾಂಬರ್ಟ್ ಆಗ ಒಂದು ದೊಡ್ಡ ಹಲಗೆಯನ್ನು ಎರಡು ಕೈಯಲ್ಲಿ ಹಿಡಿದು ಇಳಿದು ಬಂದ. ಅದನ್ನು ಖಾಲಿ ಬೆಂಚಿನ ಮೇಲೆ, ಗೋಡೆಗೆ ಒರಗಿಸಿ ನಿಲ್ಲಿಸಿದ.

“ಇದು ಅವನ ಕೊನೇದು. ನಾನು ಮುಗಿಸಿದರೆ ಹಿಲ್ಲೆ ಅವನ ಹೆಸರಲ್ಲೇ ಇಟ್ಕೋಬಹುದು, ಸಂಘದ ಕಟ್ಟಳೆ ಹಾಗಿದೆ. ಬೆಳಿಗ್ಗೆ ಕುಂಚಗಳನ್ನ ಬಟ್ಟೇಲಿ ಸುತ್ಕೊಂಡು ಬಂದು, ಆವಾಗಿಂದ ಬಾಗಿಲು ಹಾಕ್ಕೊಂಡು ನೋಡ್ತಿದೀನಿ, ಅರ್ಥ ಆಗ್ತಿಲ್ಲ. ಅಕ್ಕಾವ್ರೆ, ನೀವು ಆ ಊರಿನವರು, ನಿಮ್ಮನ್ನೇ ಕೇಳೋಣ ಅಂತ ತಂದೆ.”

ಇಳಿಜಾರಿನ ಒಂದು ಬೀದಿ, ಅದರ ಕೊನೆಯಲ್ಲಿ ನದಿ, ನದಿಯಲ್ಲಿ ಹಾಯಿ ಬಿಚ್ಚದ ಒಂದು ದೋಣಿ. ಬೀದಿಯ ನಡುವೆ ಬಣ್ಣ ಹಚ್ಚದೆ ಬಿಟ್ಟ ಎರಡು ಬಿಳಿ ಜಾಗಗಳು, ಒಂದು ಎತ್ತರ, ಒಂದು ಗಿಡ್ಡ. ಮೂವತ್ತು ವರ್ಷವೂ ವೋಲ್ಟರ್ ಹೀಗೇ ಜಾಗ ಬಿಡುತ್ತಿದ್ದ, ಪಕ್ಕದಲ್ಲಿ ಸೀಮೆಸುಣ್ಣದಲ್ಲಿ ಮೀನುಗಾರ, ಹಸು, ಬಟ್ಟೆ ಒಗೆಯುವವಳು ಎಂದು ಬರೆದಿಡುತ್ತಿದ್ದ, ಲಾಂಬರ್ಟ್ ತುಂಬುತ್ತಿದ್ದ. ಈ ಸಲ ಏನೂ ಬರೆದಿರಲಿಲ್ಲ.

“ಇಬ್ಬರು ಏನೋ ಹೊತ್ಕೊಂಡು ಹೋಗ್ತಿದಾರೆ. ಭಾರ ಇದೆ, ಬೆನ್ನು ಬಗ್ಗಿದೆ. ಮೀನಿನ ಬುಟ್ಟಿ ಇರಬೇಕು ಅಂತ ನಾನು...”

“ಬುಟ್ಟಿ ಅಲ್ಲ,” ಎಂದಳು ಅಲೈಡಾ.

ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ಅಡುಗೆಮನೆಯ ಬಾಗಿಲಲ್ಲಿ ಹಿಲ್ಲೆ ನಿಂತಳು.

“ಕಲ್ಲು. ಅಗೋ ಅಲ್ಲಿ ನೆಲದ ಮೇಲಿದೆಯಲ್ಲ, ಅದು. ಹಿಂದೆ ಎತ್ತರಕ್ಕಿರೋನು ವೋಲ್ಟರ್. ಅವನು ಬೇಡ ಬೇಡ ಅಂದ. ಮುಂದೆ ಇರೋಳು ಹುಡುಗಿ. ಆ ದಿನ ಅವಳಿಗೆ ಹಲ್ಲುನೋವು ಇರಲಿಲ್ಲ.” ಅವಳು ಹಾರ್ಮನನ ಕಡೆ ನೋಡಿದಳು. “ಮೀನುಕಟ್ಟೇಲಿ ಇದನ್ನ ಹೇಳು. ನನ್ನ ಹೆಸರು ಹೇಳಿ ಹೇಳು. ಕಲ್ಲು ಇಲ್ಲೇ ಇರುತ್ತೆ, ಹಿಲ್ಲೆ ಹತ್ತಿರ.”

ಹಾರ್ಮನ್ ಬಾಯಿಗೆ ಒಯ್ದ ಬಿಯರನ್ನು ಕುಡಿಯದೆ ಕೆಳಗಿಟ್ಟ. ಹಿಲ್ಲೆ ಬಟ್ಟಲನ್ನು ಮೇಜಿನ ಮೇಲಿಟ್ಟು ಬಂದು ಅಲೈಡಾಳ ಕುರ್ಚಿಯ ಹಿಂದೆ ನಿಂತಳು. ಒಂದು ಕೈಯನ್ನು ಕುರ್ಚಿಯ ಬೆನ್ನಿನ ಮೇಲೆ, ಹೆಗಲಿಗೆ ತಾಗಿಯೂ ತಾಗದ ಹಾಗೆ ಇಟ್ಟಳು.

ಲಾಂಬರ್ಟ್ ಸೀಮೆಸುಣ್ಣ ತೆಗೆದು ಎರಡು ಬಿಳಿ ಜಾಗಗಳ ನಡುವೆ ಒಂದು ಚೌಕ ಎಳೆದ. “ಹುಡುಗಿ ನೀರಿನ ಕಡೆ ನೋಡ್ತಾ ನಡೀತಿದಾಳೆ ಅಲ್ವಾ?”

“ಇಲ್ಲ. ಹಿಂದೆ ಹಿಂದೆ ನಡೀತಿದ್ದಳು. ತಮ್ಮನ್ನ ನೋಡ್ತಾ.”

“ಹಾಗಾದರೆ ಅವನ ಬೆನ್ನು ನಮಗೆ. ಅವಳ ಮುಖ ನಮ್ಮ ಕಡೆಗೆ ಬರುತ್ತೆ.”

“ಬರಲಿ.”

ಲಾಂಬರ್ಟ್ ಗಿಡ್ಡನೆಯ ಬಿಳಿ ಜಾಗದ ಮುಂದೆ ಸೀಮೆಸುಣ್ಣ ಹಿಡಿದು ಸ್ವಲ್ಪ ಹೊತ್ತು ನಿಂತ. ಆಮೇಲೆ ಅವಳ ಕಡೆ ತಿರುಗಿ, ಕಿಟಕಿಯ ಕಡೆ ತುಸು ವಾಲುತ್ತೀರಾ, ಬೆಳಕು ಸಾಲದು ಎಂದು ಮೆಲ್ಲಗೆ ಕೇಳಿದ.

ಅಲೈಡಾ ಕಪ್ಪು ತಲೆವಸ್ತ್ರಕ್ಕೆ ಕೈ ಹಾಕಿದಳು. ಗಲ್ಲದ ಕೆಳಗೆ ಕಟ್ಟಿದ್ದ ದಾರವನ್ನು ಬಿಚ್ಚಿ, ಅದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಕಾಲುವೆಯ ಮೇಲಿನ ಬೂದು ಬೆಳಕಿಗೆ ಮುಖ ಕೊಟ್ಟು, ಅವನು ಸಾಕು ಎನ್ನುವವರೆಗೂ ಹಾಗೇ ಕೂತಿದ್ದಳು.